ಹುಷಾರ್, ಯಾರಾದರೂ ಮಜಾ ಮಾಡಿಯಾರು!

ಅಮೆರಿಕದ ಕಾಪಿರೈಟ್ ಆಫೀಸಿಗೆ ಒಂದು ದೊಡ್ಡ ನಮಸ್ಕಾರ. 2024ರ ಅಕ್ಟೋಬರಿನಲ್ಲಿ ಅವರು ಹೇಳಿದ್ದು ನಿಮಗೆ ಗೊತ್ತೇ ಇದೆ. ಹಳೆಯ ವಿಡಿಯೋ ಗೇಮ್‌ಗಳನ್ನು ಜೋಪಾನ ಮಾಡಿಟ್ಟಿರುವ ಲೈಬ್ರರಿಗಳು ಒಂದು ಸಣ್ಣ ಅನುಮತಿ ಕೇಳಿದ್ದವು. ಸಂಶೋಧಕರು ಲೈಬ್ರರಿಯ ಬಾಗಿಲಿಗೇ ಬರಬೇಕೆಂದಿಲ್ಲ, ಇದ್ದಲ್ಲಿಂದಲೇ ಇಂಟರ್ನೆಟ್ ಮೂಲಕ ನೋಡಲಿ ಅಂತ. ಬೇರೆ ಸಾಫ್ಟ್‌ವೇರ್‌ಗಳಿಗೆ ಈ ಅನುಮತಿ 2021ರಲ್ಲೇ ಸಿಕ್ಕಿತ್ತು. ಗೇಮ್‌ಗಳಿಗೆ ಮಾತ್ರ ಆಗಲ್ಲ ಎಂದರು. ಯಾಕೆಂದರೆ, ಹಾಗೆ ಬಿಟ್ಟರೆ ಜನ ಅವನ್ನು ಮನರಂಜನೆಗೆ ಬಳಸಿಬಿಡುವ ಅಪಾಯ ಇದೆಯಂತೆ.

ಗಂಭೀರವಾದ ಅಪಾಯವೇ. ಸಂಶೋಧಕರು ಎಂದರೆ ಯಾರು? ಕನ್ನಡಕ ಹಾಕಿಕೊಂಡು, ಮುಖ ಗಂಟಿಕ್ಕಿ, ನೋಟ್ಸ್ ಮಾಡಿಕೊಳ್ಳುವವರು. ಅಂಥವರು ಮಧ್ಯದಲ್ಲಿ ಒಮ್ಮೆ ನಕ್ಕುಬಿಟ್ಟರೆ ಕಾನೂನಿನ ಗತಿ ಏನು?

ಆದರೆ ಹಳೆಯ ಜಪಾನಿ ಆರ್‌ಪಿಜಿಗಳನ್ನು, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ವಿಡಿಯೋ ಗೇಮ್‌ಗಳನ್ನು, ಮತ್ತೆ ಮತ್ತೆ ಆಡುವ ಚಟ ನನಗಿದೆ. ಆ ಅನುಭವದ ಮೇಲೆ ಆಫೀಸಿನವರಿಗೆ ಒಂದು ಭರವಸೆ ಕೊಡಬಲ್ಲೆ. ಈ ವಿಭಾಗದ ಮಟ್ಟಿಗಾದರೂ ನೀವು ನಿಶ್ಚಿಂತೆಯಿಂದ ಇರಿ ಸ್ವಾಮಿ. ಇಲ್ಲಿ ಮಜಾ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

1986ರ ಡ್ರ್ಯಾಗನ್ ಕ್ವೆಸ್ಟ್ ತಗೊಳ್ಳಿ. ಈ ವಂಶದ ಮೂಲಪುರುಷ. ಲೋಕ ಮುಳುಗುತ್ತಿದೆ, ರಾಜಕುಮಾರಿಯನ್ನು ಹೊತ್ತೊಯ್ದಿದ್ದಾರೆ, ನೀನೇ ಕಾಪಾಡಬೇಕು ಎಂದು ರಾಜ ನಮ್ಮನ್ನು ಕರೆಸುತ್ತಾನೆ. ಖರ್ಚಿಗೆ ಎಷ್ಟು ಕೊಡುತ್ತಾನೆ ಗೊತ್ತಾ? 120 ಚಿನ್ನದ ನಾಣ್ಯ. ಕೆಳಗಡೆ ಅಂಗಡಿಯಲ್ಲಿ ತಾಮ್ರದ ಕತ್ತಿಗೆ 180. ಅಂದರೆ ಸರ್ಕಾರಿ ಅನುದಾನದಲ್ಲಿ ಬರುವುದು ಒಂದು ದೊಣ್ಣೆ, ಮೇಲೊಂದಿಷ್ಟು ಚಿಲ್ಲರೆ. ಆ ದೊಣ್ಣೆ ಹಿಡಿದು ಊರಾಚೆ ಹೋಗಿ, ನಗುನಗುತ್ತಾ ಬರುವ ಸ್ಲೈಮ್ ಎಂಬ ನೀಲಿ ಲೋಳೆಜೀವಿಗಳನ್ನು ಹೊಡೆದೂ ಹೊಡೆದೂ ಕಾಸು ಕೂಡಿಸಬೇಕು. ಸತ್ತರೆ ಮತ್ತೆ ರಾಜನ ಮುಂದೆಯೇ ಎದ್ದು ಕೂರುತ್ತೇವೆ. ಅವನು ಹೇಗಿದ್ದೀಯಪ್ಪಾ ಅನ್ನುವುದಿಲ್ಲ. ಸತ್ತಿದ್ದಕ್ಕೆ ಬೈಯುತ್ತಾನೆ. ಜೇಬಿನಲ್ಲಿದ್ದ ಹಣದಲ್ಲಿ ಅರ್ಧ ಹೋಗಿರುತ್ತದೆ.

ಇವತ್ತಿಗೆ ಸಾಕು, ನಾಳೆ ಆಡೋಣ ಅಂದರೆ ಅದೂ ಪರೀಕ್ಷೆ. ಆಗಿನ ಜಪಾನಿ ಕಾರ್ಟ್ರಿಜ್‌ನಲ್ಲಿ ಸೇವ್ ಇರಲಿಲ್ಲ. 20 ಅಕ್ಷರದ ಒಂದು ಮಂತ್ರ, ಅಂದರೆ ಪಾಸ್‌ವರ್ಡ್, ಕೊಡುತ್ತಿತ್ತು, ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮರುದಿನ ಟೈಪ್ ಮಾಡಬೇಕು. ಎರಡನೇ ಭಾಗದಲ್ಲಿ ಆ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಮಸುಕಾದ ಟಿವಿ, ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳು, ಒಂದು ತಪ್ಪಿದರೆ ಮುಗಿಯಿತು. ಮಂತ್ರ ತಪ್ಪಿದೆ ಎಂದು ಹೇಳಿ ಸುಮ್ಮನಾಗುತ್ತದೆ. ಇದರಲ್ಲಿ ಮನರಂಜನೆ ಕಾಣಬಲ್ಲವರು ಕಂದಾಯ ಇಲಾಖೆಯ ಫಾರಂ ತುಂಬಿಯೂ ಖುಷಿಪಡಬಲ್ಲರು.

ಅಂದಹಾಗೆ, ಜನ ಮಜಾ ಮಾಡುತ್ತಾರೆಂಬ ಚಿಂತೆ ಜಪಾನಿಗೂ ಹೊಸದಲ್ಲ. 1988ರ ಫೆಬ್ರವರಿ 10ರಂದು ಮೂರನೇ ಡ್ರ್ಯಾಗನ್ ಕ್ವೆಸ್ಟ್ ಬಂತು. ಬುಧವಾರ. ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಸಾಲು ನಿಂತ ನೂರಾರು ಮಕ್ಕಳನ್ನು ಪೊಲೀಸರು ಹಿಡಿದರು. ಅಂದಿನಿಂದ ಒಂದು ಕಥೆ ಓಡಾಡುತ್ತಿದೆ, ವಾರದ ದಿನ ಡ್ರ್ಯಾಗನ್ ಕ್ವೆಸ್ಟ್ ಬಿಡುಗಡೆ ಮಾಡಬಾರದು ಎಂದು ಜಪಾನಿನ ಸಂಸತ್ತು ಕಾನೂನೇ ಮಾಡಿತು ಅಂತ. ಅಂಥ ಕಾನೂನು ಇಲ್ಲ. ಕಂಪನಿಯೇ ತಿಳಿದುಕೊಂಡು ನಾಲ್ಕನೇ ಭಾಗವನ್ನು ಭಾನುವಾರ ಬಿಟ್ಟಿತು. ಮಕ್ಕಳೂ ಆಡಿದರು, ಶಾಲೆಯೂ ನಡೆಯಿತು. ಸಮಸ್ಯೆಗೆ ಕ್ಯಾಲೆಂಡರ್ ನೋಡಿ ಪರಿಹಾರ ಹುಡುಕಿದ ಆ ಪುಣ್ಯಾತ್ಮರನ್ನು ವಾಷಿಂಗ್ಟನ್‌ಗೆ ಒಮ್ಮೆ ಕರೆಸಬೇಕಿತ್ತು.

ಈಗಿನ ನಿಯಮದ ಪ್ರಕಾರ ಸಂಶೋಧಕ ಲೈಬ್ರರಿಗೇ ಹೋಗಬೇಕು. ಹೋಗೋಣ. ಡ್ರ್ಯಾಗನ್ ಕ್ವೆಸ್ಟ್ 7ರ ಮೇಲೆ ಪಿಎಚ್‌ಡಿ ಮಾಡುವವರು ಒಬ್ಬರಿದ್ದಾರೆ ಅಂದುಕೊಳ್ಳಿ. 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ಆಟ. ಮುಗಿಸಲು ನೂರು ಗಂಟೆ ಸಾಲದು. ಶುರುವಿನಲ್ಲಿ ಹೊಡೆದಾಟವೇ ಇಲ್ಲ. ಊರಲ್ಲಿ ಓಡಾಡು, ಅಪ್ಪನ ಹತ್ತಿರ ಮಾತಾಡು, ಹಾಳು ಗುಡಿಯ ಸುತ್ತ ತಿರುಗು, ಮತ್ತೆ ಊರಿಗೆ ಬಾ. ಬೆಳಿಗ್ಗೆ ಲೈಬ್ರರಿ ತೆಗೆದ ಕೂಡಲೇ ಕೂತರೆ ಮೊದಲ ಸ್ಲೈಮ್ ಕಾಣುವ ಹೊತ್ತಿಗೆ ಊಟದ ಸಮಯ. ದಿನಕ್ಕೆ ಎಂಟು ಗಂಟೆಯಂತೆ ಆಡಿದರೂ ಎರಡು ವಾರ ಬೇಕು. ಹೋಟೆಲ್ ಖರ್ಚು ಬೇರೆ.

ಸಂಶೋಧಕ ಮೈಸೂರಿನವನಾದರೆ ಇನ್ನೂ ಚೆಂದ.

"ಅಮೆರಿಕಕ್ಕೆ ಯಾಕೆ ಹೋಗ್ತಿದ್ದೀರಿ?" ಎಂದು ವೀಸಾ ಕಿಟಕಿಯಲ್ಲಿ ಕೇಳುತ್ತಾರೆ.

"ಸ್ಲೈಮ್ ಹೊಡೆಯೋಕೆ, ಸರ್."

"ಮನರಂಜನೆಗಾ?"

"ಛೆ ಛೆ, ಇಲ್ಲ ಸರ್. ಬೇಜಾರಾದರೂ ಹೊಡೆಯಲೇಬೇಕು."

ಇನ್ನು ಫೈನಲ್ ಫ್ಯಾಂಟಸಿ ಎಂಬ ಇನ್ನೊಂದು ಜಪಾನಿ ಆರ್‌ಪಿಜಿ ಸರಣಿ. 2001ರ ಹತ್ತನೇ ಭಾಗದಲ್ಲಿ ಒಂದು ಬಯಲಿದೆ, ಅಲ್ಲಿ ಸದಾ ಸಿಡಿಲು ಬೀಳುತ್ತದೆ. ಸಿಡಿಲು ಮಿಂಚಿದ ಕ್ಷಣದಲ್ಲಿ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು. ನಮ್ಮ ತಂಡದ ಒಬ್ಬಳ ಒಳ್ಳೆಯ ಆಯುಧಕ್ಕೆ ಬೇಕಾದ ವಸ್ತು ಸಿಗಬೇಕಾದರೆ ಹೀಗೆ ಸತತವಾಗಿ 200 ಸಿಡಿಲು ತಪ್ಪಿಸಿಕೊಳ್ಳಬೇಕು. ಒಂದು ಬಡಿದರೂ ಮತ್ತೆ ಸೊನ್ನೆಯಿಂದ. ಎಷ್ಟಾಯಿತು ಎಂದು ಪರದೆಯ ಮೇಲೆ ತೋರಿಸುವುದಿಲ್ಲ. ನಾವೇ ಎಣಿಸಬೇಕು. ಎಣಿಸುವಾಗ ಮನೆಯವರು ಹಾಲು ತಂದ್ಯಾ ಎಂದು ಕೇಳಬಾರದು.

ಏಳನೇ ಭಾಗದ ಕೊನೆಯ ಖಳ ಸೆಫಿರಾತ್‌ಗೆ ಒಂದು ಮಂತ್ರವಿದೆ, ಸೂಪರ್‌ನೋವಾ. ಜಪಾನಿನ ಹೊರಗೆ ಬಂದ ಪ್ರತಿಯಲ್ಲಿ ಅದನ್ನು ತೋರಿಸಲು ಸುಮಾರು ಎರಡು ನಿಮಿಷ ತಗೊಳ್ಳುತ್ತಾರೆ. ಎಲ್ಲಿಂದಲೋ ಒಂದು ಧೂಮಕೇತು ಬರುತ್ತದೆ. ದಾರಿಯಲ್ಲಿ ಶನಿ, ಗುರು ಎಲ್ಲ ಚಿಂದಿ. ಸೂರ್ಯ ಊದಿಕೊಂಡು ಗ್ರಹಗಳನ್ನು ನುಂಗುತ್ತಾನೆ. ಸ್ಕಿಪ್ ಮಾಡುವಂತಿಲ್ಲ. ಎಲ್ಲಾ ಮುಗಿದ ಮೇಲೆ ನೋಡಿದರೆ ನಮ್ಮವರಲ್ಲಿ ಒಬ್ಬರೂ ಸತ್ತಿಲ್ಲ! ಸ್ವಲ್ಪ ಸುಸ್ತಾಗಿದ್ದಾರೆ, ಅಷ್ಟೇ. ಒಂದು ಔಷಧಿ ಕುಡಿಸಿದರೆ ಎದ್ದು ನಿಲ್ಲುತ್ತಾರೆ. ಆಮೇಲೆ ಸೆಫಿರಾತ್ ಮತ್ತದೇ ಮಂತ್ರ ಹಾಕುತ್ತಾನೆ. ಅದೇ ಶನಿ, ಅದೇ ಗುರು. ಆಗ ಎದ್ದುಹೋಗಿ ಕಾಫಿ ಮಾಡಿಕೊಂಡು ಬರಬಹುದು.

ಆದರೆ ಇವೆಲ್ಲ ಹನ್ನೆರಡನೇ ಭಾಗದ ಮುಂದೆ ಏನೂ ಅಲ್ಲ. 2006ರ ಆ ಆಟದಲ್ಲಿ ಝೋಡಿಯಾಕ್ ಸ್ಪಿಯರ್ ಅನ್ನುವ ಈಟಿಯಿದೆ, ಎಲ್ಲಕ್ಕಿಂತ ಬಲವಾದ ಆಯುಧಗಳಲ್ಲಿ ಒಂದು. ಅದು ಪೆಟ್ಟಿಗೆಯಲ್ಲಿ ಖಚಿತವಾಗಿ ಸಿಗಬೇಕಾದರೆ ಏನು ಮಾಡಬೇಕು? ಏನೂ ಮಾಡಬಾರದು. ಅದಕ್ಕೂ ಮುಂಚೆ ದಾರಿಯಲ್ಲಿ ಸಿಗುವ ನಾಲ್ಕು ನಿರ್ದಿಷ್ಟ ಪೆಟ್ಟಿಗೆಗಳನ್ನು ತೆರೆಯಬಾರದು. ಯಾವ ನಾಲ್ಕು? ಆಟದಲ್ಲಿ ಯಾರೂ ಹೇಳುವುದಿಲ್ಲ. ಕಂಡ ಪೆಟ್ಟಿಗೆಯನ್ನೆಲ್ಲ ತೆಗಿ ಎಂದು ಇಪ್ಪತ್ತು ವರ್ಷ ಕಲಿಸಿದವರೇ ಈ ಕೆಲಸ ಮಾಡಿದರು. ಆಡಿದವರಲ್ಲಿ ಎಷ್ಟೋ ಜನ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಈಟಿ ಕಳೆದುಕೊಂಡಿದ್ದರು, ಗೊತ್ತಾಗಿದ್ದು ಮಾತ್ರ ಹತ್ತಾರು ಗಂಟೆ ಆದ ಮೇಲೆ, ಗೈಡ್ ಪುಸ್ತಕ ನೋಡಿದಾಗ.

ಗೈಡ್ ಪುಸ್ತಕ ಅಂದಾಗ ನೆನಪಾಯಿತು. ಒಂಬತ್ತನೇ ಭಾಗಕ್ಕೆ 2000ದಲ್ಲಿ ಅಮೆರಿಕದಲ್ಲಿ ಅಧಿಕೃತ ಗೈಡ್ ಬಂತು. ಬಣ್ಣದ ಪುಟ, ಒಳ್ಳೆಯ ಕಾಗದ, ದುಡ್ಡು ಕೊಟ್ಟು ತಂದಿದ್ದಾಯಿತು. ಬಾಸ್ ಅನ್ನುವ ದೊಡ್ಡ ಶತ್ರುವಿನ ಜೊತೆ ಒದ್ದಾಡುತ್ತಾ ಆ ಪುಟ ತೆರೆದರೆ ಅಲ್ಲಿ ಉತ್ತರ ಇಲ್ಲ. ಪ್ಲೇಆನ್‌ಲೈನ್ ಎಂಬ ತಾಣಕ್ಕೆ ಹೋಗಿ ಈ ಪದ ಟೈಪ್ ಮಾಡಿ, ಅಲ್ಲಿ ಉತ್ತರವಿದೆ ಅಂತ ಬರೆದಿದೆ. ಪುಸ್ತಕದುದ್ದಕ್ಕೂ ಹೀಗೇ. ಅದು ಫೋನ್ ಲೈನಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲ. ಟಿವಿ ಒಂದು ಕೋಣೆಯಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ, ಪುಸ್ತಕ ಕೈಯಲ್ಲಿ. ಆಮೇಲೆ ಕಂಪನಿ ಆ ಉತ್ತರಗಳನ್ನು ತಾಣದಿಂದ ತೆಗೆದುಹಾಕಿತು. ಈಗ ಉಳಿದಿರುವುದು ಬರೀ ಪ್ರಶ್ನೆಗಳಿರುವ ಅಧಿಕೃತ ಉತ್ತರ ಪುಸ್ತಕ. ಇಂಟರ್ನೆಟ್ಟಿನಲ್ಲಿಟ್ಟದ್ದು ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಬಂಧವನ್ನು ಯಾವ ಸಂಶೋಧಕನೂ ಬರೆಯಲಾರ.

ಈ ಆಟಗಳಲ್ಲಿ ಬೇಜಾರು ಎಷ್ಟಿದೆ ಎಂಬುದು ಕಂಪನಿಗೂ ಗೊತ್ತು. ಮೊದಲ ಆರು ಫೈನಲ್ ಫ್ಯಾಂಟಸಿಗಳ ಪಿಕ್ಸೆಲ್ ರೀಮಾಸ್ಟರ್ ಎಂಬ ಹೊಸ ಆವೃತ್ತಿ 2023ರಲ್ಲಿ ಗೇಮ್ ಕನ್ಸೋಲ್‌ಗೆ ಬಂದಾಗ ಅದರಲ್ಲಿ ಹೊಸ ಸೌಲಭ್ಯಗಳಿದ್ದವು. ದಾರಿಯಲ್ಲಿ ದಿಢೀರನೆ ಬಂದು ಬೀಳುವ ಶತ್ರುಗಳನ್ನು ಒಂದು ಬಟನ್‌ನಿಂದ ಆಫ್ ಮಾಡಬಹುದು. ಅನುಭವದ ಅಂಕ ನಾಲ್ಕು ಪಟ್ಟು ಜಾಸ್ತಿ ಮಾಡಿಕೊಳ್ಳಬಹುದು. ಹಳೆಯ ಆಟ ಕೊಳ್ಳಲು ಒಂದು ಸಲ ದುಡ್ಡು, ಅದನ್ನು ಆಡದೆ ತಪ್ಪಿಸಿಕೊಳ್ಳಲು ಇನ್ನೊಂದು ಸಲ ದುಡ್ಡು. ಏಳನೇ ಭಾಗವನ್ನಂತೂ ಹೊಸದಾಗಿ ಕಟ್ಟುವಾಗ ಮೂರು ತುಂಡು ಮಾಡಿದರು. ಮೂಲದಲ್ಲಿ ಐದಾರು ಗಂಟೆಯಲ್ಲಿ ಮುಗಿಯುವ ಮಿಡ್‌ಗಾರ್ ನಗರದ ಭಾಗವೇ 2020ರಲ್ಲಿ ಇಡೀ ಒಂದು ಆಟವಾಗಿ ಬಂತು, ಪೂರ್ತಿ ಬೆಲೆಗೆ. ಎರಡನೆಯದಕ್ಕೆ 2024ರವರೆಗೆ ಕಾಯಬೇಕಾಯಿತು. 1997ರಲ್ಲಿ ಇಡೀ ಕಥೆ ಒಂದೇ ಡಬ್ಬಿಯಲ್ಲಿ ಬಂದಿತ್ತು. ಆಗ ಇವರಿಗೆ ವ್ಯಾಪಾರ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಪಾಪ.

ಹಾಗಾದರೆ ಯಾಕೆ ಆಡುತ್ತೀರಿ ಎಂದು ನೀವು ಕೇಳಬಹುದು. ಆಫೀಸಿನವರ ಕಿವಿಗೆ ಬೀಳದ ಹಾಗೆ ಹೇಳುತ್ತೇನೆ.

ಆರನೇ ಫೈನಲ್ ಫ್ಯಾಂಟಸಿಯಲ್ಲಿ ಅರ್ಧ ದಾರಿಯಲ್ಲೇ ಖಳ ಗೆದ್ದುಬಿಡುತ್ತಾನೆ. ಲೋಕವೇ ಹಾಳಾಗುತ್ತದೆ. ಸೆಲೆಸ್ ಎಂಬ ಹುಡುಗಿ ಒಂದು ಒಂಟಿ ದ್ವೀಪದಲ್ಲಿ ಕಣ್ಣು ಬಿಡುತ್ತಾಳೆ. ಜೊತೆಗೆ ಇರುವುದು ಕಾಯಿಲೆ ಬಿದ್ದ ಮುದುಕ ಸಿಡ್ ಒಬ್ಬನೇ. ಕಡಲಿಗೆ ಹೋಗಿ ಮೀನು ಹಿಡಿದು ತಂದು ಅವನಿಗೆ ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ತಂದರೆ ಅವನು ಚೇತರಿಸಿಕೊಳ್ಳುತ್ತಾನೆ. ನಿಧಾನಕ್ಕೆ ಈಜುವ ಮೀನು ತಂದರೆ ಇನ್ನಷ್ಟು ಕುಗ್ಗುತ್ತಾನೆ. ಇದನ್ನೂ ಯಾರೂ ಹೇಳಿಕೊಡುವುದಿಲ್ಲ. ಎಷ್ಟೋ ಜನ ಕೈಗೆ ಸುಲಭಕ್ಕೆ ಸಿಕ್ಕ ಮೀನು ತಂದು ತಿನ್ನಿಸಿ ಮುದುಕನನ್ನು ಕಳೆದುಕೊಂಡರು. ಆತ ಬದುಕಿದರೂ ಕಥೆ ಮುಂದೆ ಹೋಗುತ್ತದೆ, ಸತ್ತರೂ ಹೋಗುತ್ತದೆ. ಎಡಕ್ಕೂ ಬಲಕ್ಕೂ ಸರಿದಾಡುವ ನಾಲ್ಕು ಚುಕ್ಕಿಯಂಥ ಮೀನುಗಳು, ಹಿಂದೆ ಸಂಗೀತ ಸಂಯೋಜಕ ನೊಬುವೊ ಉಏಮಾತ್ಸು ಕೊಟ್ಟ ಸಂಗೀತ. 1994ರ ಆಟ. ಇವತ್ತಿಗೂ ಆ ದಡದಲ್ಲಿ ಕೈ ನಡುಗುತ್ತದೆ.

1995ರ ಕ್ರೋನೋ ಟ್ರಿಗರ್ ಇನ್ನೂ ಕಿಲಾಡಿ. ಶುರುವಿನಲ್ಲಿ ಒಂದು ಜಾತ್ರೆ. ಮೇಜಿನ ಮೇಲೆ ಯಾರೋ ಮುದುಕನ ಊಟದ ಡಬ್ಬಿ ಇರುತ್ತದೆ. ಇಂಥ ಆಟಗಳಲ್ಲಿ ಕಂಡಿದ್ದನ್ನೆಲ್ಲ ಎತ್ತಿಕೊಳ್ಳುವುದು ನಮ್ಮ ಅಭ್ಯಾಸ. ತಿಂದು ಮುಂದೆ ಹೋಗುತ್ತೇವೆ. ಕೆಲವು ಗಂಟೆಯ ನಂತರ ನಮ್ಮನ್ನು ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. ಆ ಮುದುಕನ ಊಟ ತಿಂದವನು ನೀನೇ ತಾನೆ ಎಂದು ಸಾಕ್ಷಿ ಕರೆಸುತ್ತಾರೆ! ಬೆಕ್ಕು ಕಳೆದುಕೊಂಡ ಮಗುವಿಗೆ ಸಹಾಯ ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಪಂಚರು ಒಬ್ಬೊಬ್ಬರೇ ಬಂದು ಮತ ಹಾಕುತ್ತಾರೆ. ನಾವು ನಿರಪರಾಧಿ ಎಂದೇ ತೀರ್ಮಾನವಾಯಿತು ಅನ್ನಿ. ಆದರೂ ಮಂತ್ರಿ ನಮ್ಮನ್ನು ಎಳೆದುಕೊಂಡು ಹೋಗಿ ಜೈಲಿಗೆ ಹಾಕಿ ಮರಣದಂಡನೆಗೆ ಏರ್ಪಾಡು ಮಾಡುತ್ತಾನೆ. ವಿಚಾರಣೆ ನಡೆಯಿತು, ಸಾಕ್ಷಿ ಕೇಳಿದ್ದಾಯಿತು, ಮತವೂ ಬಿತ್ತು. ಆದರೆ ನಿರ್ಧಾರ ಮೊದಲೇ ಆಗಿತ್ತು.

2024ರ ಏಪ್ರಿಲ್‌ನಲ್ಲಿ ಇದೇ ಲೈಬ್ರರಿ ವಿಷಯದ ವಿಚಾರಣೆ ನಡೆದಾಗ, ಯಾವ ಷರತ್ತು ಹಾಕಿದರೆ ನೀವು ಒಪ್ಪುತ್ತೀರಿ ಎಂಬ ಮಾತು ಬಂತು. ಯಾವ ಷರತ್ತು ಹಾಕಿದರೂ ಒಪ್ಪುವುದಿಲ್ಲ ಎಂದರು ಗೇಮ್ ಕಂಪನಿಗಳ ಸಂಘದ ವಕೀಲರು. ಆರು ತಿಂಗಳಿಗೆ ಆಫೀಸಿನ ಉತ್ತರವೂ ಬಂತು.

ಇಲ್ಲಿ ನನಗೆ ತಮಾಷೆ ಸಾಕಾಗುತ್ತದೆ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು. ಅದೇ ವರ್ಷ ಮಾರ್ಚ್ 27ಕ್ಕೆ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಗೇಮ್ ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತ್ತು. ಸೋನಿ 2021ರಲ್ಲಿ ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿ ಮುಚ್ಚುತ್ತೇವೆ ಎಂದು ಹೇಳಿ, ಜನ ಬೈದ ಮೇಲೆ ಹಿಂದೆ ಸರಿಯಿತು. ನೀವು ಮಾರುವುದಿಲ್ಲ. ಇಟ್ಟುಕೊಂಡವರಿಗೆ ತೋರಿಸಲೂ ಬಿಡುವುದಿಲ್ಲ. ಯಾರೂ ಆಡದೆ ಕೊಳೆತರೆ ನಿಮಗೆ ಬರುವ ಲಾಭವಾದರೂ ಏನು? ನನಗೆ ನಿಜವಾಗಿಯೂ ಅರ್ಥವಾಗುವುದಿಲ್ಲ.

ಭಾರತದಲ್ಲಿ ಈ ಆಟಗಳನ್ನು ಹಚ್ಚಿಕೊಂಡ ನಮ್ಮಂಥವರಲ್ಲಿ ಬಹಳಷ್ಟು ಜನ ಮೊದಲು ಆಡಿದ್ದೇ ಎಮ್ಯುಲೇಟರ್‌ನಲ್ಲಿ, ಅಂದರೆ ಗೇಮ್ ಯಂತ್ರವನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ. ಯಾರದೋ ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಬಂದ ಪೋಕೆಮಾನ್. ಅದನ್ನು ಸಮರ್ಥಿಸುವುದಿಲ್ಲ. ಆದರೆ ದುಡ್ಡು ಕೊಡುತ್ತೇವೆ ಅಂದರೂ ತಗೊಳ್ಳುವವರು ಆಗ ಇಲ್ಲಿ ಯಾರಿದ್ದರು?

ಕದ್ದು ಆಡುವವರನ್ನು ಕಂಡರೆ ನಿಂಟೆಂಡೊ ಕಂಪನಿಗೆ ಎಷ್ಟು ಪ್ರೀತಿ ಎಂಬುದಕ್ಕೆ ಅರ್ತ್‌ಬೌಂಡ್ ಎಂಬ ಆರ್‌ಪಿಜಿಯೇ ಸಾಕ್ಷಿ. 1995ರಲ್ಲಿ ಅಮೆರಿಕಕ್ಕೆ ಬಂತು. ತಾನು ನಕಲಿ ಪ್ರತಿ ಎಂದು ಗೊತ್ತಾದರೆ ಆ ಆಟ ಮೊದಲು ಶತ್ರುಗಳನ್ನು ಹೆಚ್ಚಿಸುತ್ತದೆ. ಅದನ್ನೂ ಸಹಿಸಿಕೊಂಡು ಕೊನೆಯ ಬಾಸ್‌ವರೆಗೆ ಬಂದರೆ, ಹೊಡೆದಾಟದ ಮಧ್ಯೆ ನಿಂತುಹೋಗಿ, ಇದ್ದ ಸೇವ್‌ಗಳನ್ನೆಲ್ಲ ಅಳಿಸಿಹಾಕುತ್ತದೆ. ಇಷ್ಟು ತಾಳ್ಮೆಯ ಹಗೆತನ ನಮ್ಮ ದಾಯಾದಿಗಳಲ್ಲೂ ಕಾಣಸಿಗುವುದು ಕಷ್ಟ.

ಅದರ ಮುಂದಿನ ಕಂತು ಮದರ್ 3. 2006ರಲ್ಲಿ ಜಪಾನಿನಲ್ಲಿ ಬಂತು, ಹೊರಗೆ ಬರಲಿಲ್ಲ. ಅಭಿಮಾನಿಗಳು ಕಾದು ಕಾದು ಕೊನೆಗೆ ತಾವೇ ಕೂತು ಇಂಗ್ಲಿಷಿಗೆ ಅನುವಾದ ಮಾಡಿ 2008ರಲ್ಲಿ ಬಿಟ್ಟರು. ಒಂದು ಪೈಸೆ ಸಂಬಳವಿಲ್ಲದ ಕೆಲಸ. ಬೇಕಾದರೆ ನೀವೇ ಪುಕ್ಕಟೆ ಬಳಸಿಕೊಳ್ಳಿ ಎಂದು ನಿಂಟೆಂಡೊಗೆ ಹೇಳಿದ್ದೂ ಆಯಿತು. ಕಂಪನಿ ಬಳಸಿಕೊಳ್ಳಲಿಲ್ಲ. 2024ರ ಫೆಬ್ರವರಿಯಲ್ಲಿ ಒಂದು ದಿನ ಮದರ್ 3 ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂತು ಎಂಬ ಸುದ್ದಿ ಬಂದಾಗ ಹಳಬರೆಲ್ಲ ಕುಣಿದರು. ಆಮೇಲೆ ಪೂರ್ತಿ ಓದಿದರು. ಜಪಾನಿನಲ್ಲಿ ಮಾತ್ರ, ಜಪಾನಿ ಭಾಷೆಯಲ್ಲಿ ಮಾತ್ರ.

ಆಡಲೇಬೇಕು ಅನ್ನುವವರು ಜಪಾನಿ ಕಲಿಯಬಹುದು. ಡ್ರ್ಯಾಗನ್ ಕ್ವೆಸ್ಟ್ 7 ಮುಗಿಸುವುದಕ್ಕಿಂತ ಅದು ಬೇಗ ಆಗುತ್ತದೆ.