ಖಾಲಿ ಇರಬೇಕಾದ ಜಾಗ

"ನಿಮ್ಮೂರಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗ್ತಾರಂತೆ?" ಬೆಂಗಳೂರಿನ ರಸ್ತೆಗಳು ಮುಳುಗಿದ 2022ರ ಸೆಪ್ಟೆಂಬರ್ ಮಳೆಯ ನಂತರ ಸಿಂಗಪುರದಲ್ಲಿ ಯಾರಾದರೂ ಹೀಗೆ ಕೇಳಿದರೆ ಬೆಂಗಳೂರಿನವರಿಗೆ ಉತ್ತರ ಹೊಳೆಯದು. ಕೇಳುವವರ ಊರಿನ ಬಹಳಷ್ಟು ನೆಲ ಕಡಲಿಗಿಂತ ಕೆಲವೇ ಮೀಟರ್ ಮೇಲಿದೆ, ವರ್ಷಕ್ಕೆ 2,400 ಮಿ.ಮೀ. ಆಸುಪಾಸು ಮಳೆ. ನಮ್ಮದು 900 ಮೀಟರ್ ಎತ್ತರದ ದಿಣ್ಣೆ, ಮಳೆ ಅದರ ಅರ್ಧಕ್ಕೂ ಕಡಿಮೆ. ಮುಳುಗುವವರು ಮಾತ್ರ ನಾವು.

ಅಲ್ಲಿ ಬಿಶಾನ್ ಉದ್ಯಾನದ ಪಕ್ಕ ಕಲ್ಲಾಂಗ್ ನದಿ 2.7 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆಯಾಗಿತ್ತು. 2012ರ ಹೊತ್ತಿಗೆ ಅದನ್ನು ಒಡೆದು, ಉದ್ಯಾನದೊಳಗೇ ಅಂಕುಡೊಂಕಾಗಿ ಹರಿಯಬಿಟ್ಟರು. ಒಣ ದಿನಗಳಲ್ಲಿ ಅದೊಂದು ತೊರೆ. ಜಡಿಮಳೆಗೆ ಸುಮಾರು 100 ಮೀಟರ್ ಅಗಲ ಹರಡಿಕೊಳ್ಳುತ್ತದೆ. ನೀರು ಏರಿದರೆ ಸೈರನ್ ಕೂಗುತ್ತದೆ, ಜನ ಇಳಿಜಾರು ಹತ್ತಿ ಮೇಲೆ ಬರುತ್ತಾರೆ, ಅಷ್ಟೇ. ದಂಡೆಯನ್ನು ಹಿಡಿದಿರುವುದು ಕಡ್ಡಿಯ ಕಟ್ಟುಗಳು, ಕಲ್ಲು ತುಂಬಿದ ತಂತಿಬುಟ್ಟಿಗಳು, ಸಂದಿಗಳಲ್ಲಿ ಬೇರುಬಿಟ್ಟ ಗಿಡಗಳು. ಮೊದಲು 60 ಮೀಟರ್ ಉದ್ದದಲ್ಲಿ 10 ವಿಧಾನ ಪರೀಕ್ಷಿಸಿ, ಅವುಗಳಲ್ಲಿ 7ನ್ನು ಆರಿಸಿಕೊಂಡರು.

ನಾವೋ, ರಾಜಕಾಲುವೆಗೆ ಎರಡೂ ಕಡೆ ಆರ್‌ಸಿಸಿ ಗೋಡೆ ಎಬ್ಬಿಸಿ ಬಿಲ್ ಮಾಡಿದರೆ ಮುಗಿಯಿತು. ನುಣುಪು ಕಾಂಕ್ರೀಟಿನ ಮೇಲೆ ನೀರಿಗೆ ತಡೆಯಿಲ್ಲ. ಎಲ್ಲ ಬಡಾವಣೆಗಳ ನೀರೂ ಒಂದೇ ಹೊತ್ತಿಗೆ ತಗ್ಗಿಗೆ ಬಂದು ಬೀಳುತ್ತದೆ. ಅಲ್ಲಿ ಮೋರಿಯ ಬಾಯಿ ಕಿರಿದು, ಅಡ್ಡ ಹಾಯ್ದ ಪೈಪಿಗೆ ಪ್ಲಾಸ್ಟಿಕ್ಕು, ಎಳನೀರು ಬುರುಡೆ ಸಿಕ್ಕಿಕೊಂಡು ಅಣೆಕಟ್ಟೆ. ಎತ್ತಿದ ಹೂಳು ದಂಡೆಯಲ್ಲೇ ಬಿದ್ದಿದ್ದು ಮುಂದಿನ ಮಳೆಗೆ ಮತ್ತೆ ಒಳಗೆ.

ಸಿಂಗಪುರದಲ್ಲಿ 2014ರಿಂದ 0.2 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡ ಹೊಸ ನಿರ್ಮಾಣಗಳು ಮಳೆನೀರನ್ನು ತಮ್ಮಲ್ಲೇ ತಡೆದು ನಿಧಾನವಾಗಿ ಬಿಡಬೇಕು. ಹಾಗೆ ತಡೆಯುವ ಟ್ಯಾಂಕು ಮಳೆಗೆ ಮುಂಚೆ ಖಾಲಿ ಇದ್ದರಷ್ಟೇ ಪ್ರಯೋಜನ. ನಮ್ಮ ಸಂಪು ಇದಕ್ಕೆ ಉಲ್ಟಾ, ತುಂಬಿರಲೆಂದೇ ಕಟ್ಟಿದ್ದು. ಮಳೆಕೊಯ್ಲು ಕಡ್ಡಾಯವಾಗಿದ್ದರೂ ತುಂಬಿದ ಸಂಪಿನ ಮೇಲೆ ಸುರಿದದ್ದೆಲ್ಲ ಬೀದಿಪಾಲು.

ಹಾಗಂತ ಸಿಂಗಪುರದ ದಾರಿ ಸುಲಭವಾಗಿದ್ದದ್ದೂ ನಿಜ. ನೆಲ ಬಹುಪಾಲು ಸರ್ಕಾರದ್ದು, ನದಿಯ ಪಕ್ಕದಲ್ಲೇ ಉದ್ಯಾನವಿತ್ತು. ನಮ್ಮಲ್ಲಿ ಕಾಲುವೆಯಂಚಿನವರೆಗೂ ಖಾತೆ ಇದೆ. ಕೆರೆಗಳ ಸುತ್ತ ಕಟ್ಟಡ ಕಟ್ಟಬಾರದ ಮೀಸಲು ಅಂಚನ್ನು 75 ಮೀಟರಿಗೆ ಏರಿಸಿದ ಹಸಿರು ನ್ಯಾಯಮಂಡಳಿಯ 2016ರ ಆದೇಶವೂ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಇನ್ನು ತಡೆದು ಬಿಡುವ ವಿದ್ಯೆ ನಮಗೆ ಹೊಸದೇನಲ್ಲ, ಮೇಲಿನ ಕೆರೆ ಕೋಡಿ ಬಿದ್ದ ಮೇಲೆ ತಾನೇ ಕೆಳಗಿನ ಕೆರೆಗೆ ನೀರು? ಈಗ ಎಷ್ಟೋ ಕೆರೆಗಳು ಕೊಳಚೆಯಿಂದ ಬೇಸಿಗೆಯಲ್ಲೇ ತುಂಬಿ ಕೂತಿರುತ್ತವೆ. ಮುಂಗಾರಿಗೆ ಮುಂಚೆ ಒಂದೆರಡು ಅಡಿ ಇಳಿಸೋಣವೆಂದರೆ ತೂಬನ್ನೇ ಮುಚ್ಚಿದ್ದಾರೆ.