‘ತಡಿ ತಂಗಿ’ ಅನ್ನಬೇಡಿ, ದಯವಿಟ್ಟು

ಇವತ್ತು ಕೋರ್ಟಿನ ಪಡಸಾಲೆಯಲ್ಲಿ ಕೇಳಿದ ಒಂದು ಮಾತು ರಾತ್ರಿ ಒಂಬತ್ತಾದರೂ ತಲೆಯಿಂದ ಇಳಿದಿಲ್ಲ. ಬಾಡಿಗೆ ಕರಾರಿಗೆ ನೋಟರಿ ಮಾಡಿಸಲು ಹೋಗಿದ್ದೆ. ಪಕ್ಕದ ಬೆಂಚಿನ ಮೇಲೆ ನವಲಗುಂದದ ಕಡೆಯ ಒಬ್ಬ ಹುಡುಗಿ, ಜೊತೆಗೆ ಅವಳಪ್ಪ, ಕಾಕಾ, ಊರಿನ ಹಿರಿಯರೊಬ್ಬರು. ಅವಳ ಮಗಳನ್ನು ಗಂಡನ ಮನೆಯವರು ಇಟ್ಟುಕೊಂಡು ಎರಡು ತಿಂಗಳಾಗಿದೆಯಂತೆ. ಹುಡುಗಿ ಕೇಳುತ್ತಿದ್ದದ್ದು ಇಷ್ಟೇ: “ಕೇಸ್ ಮುಗಿಯೂತನಕ ಕೂಸು ನನ್ನ ಕಡೆ ಇರಲಿ ಅಂತ ಒಂದು ಅರ್ಜಿ ಹಾಕೂಣ್ರಿ.” ಹಿರಿಯರು ತಲೆ ಸವರಿ ಹೇಳಿದರು: “ತಾತ್ಪೂರ್ತಿಕ ಆರ್ಡರ್ ತಗೊಂಡು ಏನ್ ಮಾಡ್ತಿ ತಂಗಿ? ತಡಿ. ಕುಂತು ಮಾತಾಡೂಣು. ಆಗಲಿಲ್ಲಂದ್ರ ಒಮ್ಮೆಲೆ ಫೈನಲ್ ತಗೊಂಡ್ರಾತು.” ತಾತ್ಪೂರ್ತಿಕ ಅಂದರೆ ಕೇಸ್ ಮುಗಿಯುವ ತನಕದ ಮಧ್ಯಂತರ ಆದೇಶ.

ಅದೇ ‘ತಡಿ’. ಆರು ವರ್ಷದ ಹಿಂದೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಿರಿಯರು ನನಗೆ ಹೇಳಿದ್ದೂ ಅದೇ.

ಗಂಡನಿಂದ ಬೇರಾಗಿ ಮಗನಿಗಾಗಿ ಕೋರ್ಟು ಹತ್ತಿದ ನನ್ನ ಕಥೆಯನ್ನು ಇಲ್ಲಿ ಮೊದಲೇ ಬರೆದಿದ್ದೇನೆ, ಮತ್ತೆ ಬಿಚ್ಚುವುದಿಲ್ಲ. ಆದರೆ ಆ ಏಳು ತಿಂಗಳ ಬಗ್ಗೆ ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಹುಬ್ಬಳ್ಳಿಯ ಮನೆಯಿಂದ ಮಗನನ್ನು ಅವನಪ್ಪ ಹಾವೇರಿ ಕಡೆಯ ತಮ್ಮೂರಿಗೆ ಕರೆದುಕೊಂಡು ಹೋದಾಗ ಅವನಿಗೆ ನಾಲ್ಕು ವರ್ಷ ಆರು ತಿಂಗಳು. ನಾನು ಧಾರವಾಡದ ತವರಿನಲ್ಲಿ ಕೂತು ಹಿರಿಯರ ಮಾತಿಗೆ ಕಾದೆ. ಶ್ರಾವಣ ಮುಗಿಯಲಿ ಅಂದರು. ದಸರಾ ಆಗಲಿ ಅಂದರು. ಆಮೇಲೆ ಯಾರದೋ ಮದುವೆ ಅಡ್ಡ ಬಂತು. ಕಾಯುತ್ತ ಕಾಯುತ್ತ ಮಗನಿಗೆ ಐದು ತುಂಬಿತು. ಆ ದಿನ ಉಣಕಲ್ ಕೆರೆಯ ದಂಡೆಯ ಮೇಲೆ ಒಬ್ಬಳೇ ಕೂತಿದ್ದೆ. ಫೋನ್ ಮಾಡಿದರೆ ಎತ್ತಲಿಲ್ಲ.

ಐದು ತುಂಬುವುದೆಂದರೆ ಏನು ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯ್ದೆಯ 6ನೇ ಕಲಂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ‘ಸಾಮಾನ್ಯವಾಗಿ’ ಎಂಬ ಶಬ್ದವಿದೆ, ಒಪ್ಪುತ್ತೇನೆ. ಕೊನೆಗೆ ತೂಗುವುದು ಮಗುವಿನ ಹಿತವೇ. ಆದರೂ ತಾಯಿಯ ಕೈಯಲ್ಲಿ ಅದೊಂದು ಗಟ್ಟಿ ಆಧಾರ. ಆ ಆಧಾರವನ್ನು ನಾನು ‘ತಡಿ’ ಎಂಬ ಒಂದು ಮಾತಿಗೆ ಬಿಟ್ಟುಕೊಟ್ಟೆ.

ಹೋದದ್ದು ಅದೊಂದೇ ಆಗಿರಲಿಲ್ಲ. ಕೊನೆಗೆ ನಾನು ಅರ್ಜಿ ಹಾಕಿದಾಗ ಎದುರಿನವರ ತಕರಾರು ಏನಿತ್ತು ಗೊತ್ತೇ? ಹುಡುಗನಿಗೆ ಊರಿನ ಶಾಲೆಗೆ ಹೆಸರು ಹಚ್ಚಿಯಾಗಿದೆ, ಅಜ್ಜಿಗೆ ಹೊಂದಿಕೊಂಡಿದ್ದಾನೆ, ಈಗ ಕಿತ್ತು ಒಯ್ಯುವುದು ಬೇಡ. ಮೇಲಾಗಿ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಅರ್ಜಿ ಹಾಕಬೇಕು, ಹುಡುಗ ಈಗ ಹಾವೇರಿ ಜಿಲ್ಲೆಯವನು, ಅಲ್ಲಿಗೇ ಹೋಗಿ. ನಾನು ಸುಮ್ಮನೆ ಕೂತ ಒಂದೊಂದು ತಿಂಗಳೂ ಅವರ ಪರವಾಗಿ ಸಾಕ್ಷಿ ಹೇಳಿತು.

ಅದಕ್ಕೇ ನನಗೆ ‘ಫೈನಲ್ ಬರಲಿ’ ಎನ್ನುವವರ ಮೇಲೆ ಸಿಟ್ಟು. ಫೈನಲ್ ಬರಲು ವರ್ಷಗಳು ಬೇಕು. ನೋಟಿಸ್ ಜಾರಿ, ಆಬ್ಜೆಕ್ಷನ್, ರಾಜಿಸಂಧಾನ, ಸಾಕ್ಷಿ, ಪಾಟೀಸವಾಲು, ನಡುವೆ ತಾರೀಖಿನ ಮೇಲೆ ತಾರೀಖು. ದೊಡ್ಡವರಿಗೆ ಎರಡು ವರ್ಷ ಎರಡೇ ವರ್ಷ. ನಾಲ್ಕರ ಕೂಸಿಗೆ ಅದು ಅರ್ಧ ಆಯುಷ್ಯ. ಆ ಎರಡು ವರ್ಷ ಅದು ಯಾರ ಮಗ್ಗುಲಲ್ಲಿ ಮಲಗುತ್ತದೆ, ಯಾರು ತಲೆ ಬಾಚುತ್ತಾರೆ ಎಂಬುದನ್ನು ತಾತ್ಪೂರ್ತಿಕ ಆದೇಶವೇ ಹೇಳಬೇಕು. ಇದನ್ನು ಸಣ್ಣ ಕಾಗದ ಅಂತ ಹೇಗೆ ಕರೆಯುತ್ತೀರಿ?

ಮೂಲ ಅರ್ಜಿ ಹಾಕುವ ದಿನವೇ ಮಧ್ಯಂತರ ಅರ್ಜಿಯನ್ನೂ ಹಾಕಬಹುದು. ವಕೀಲರು ಐ.ಎ. ಅನ್ನುತ್ತಾರಲ್ಲ, ಅದು. ಅದೇ 1890ರ ಕಾಯ್ದೆಯ 12ನೇ ಕಲಂ ಮಗುವನ್ನು ಕೋರ್ಟಿಗೆ ಕರೆತರಿಸಿ ತಾತ್ಕಾಲಿಕವಾಗಿ ಒಬ್ಬರ ಸುಪರ್ದಿಗೆ ಕೊಡುವ ಅಧಿಕಾರ ಕೊಟ್ಟಿದೆ. ವಿಚ್ಛೇದನದ ಕೇಸೇ ನಡೆದಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಇದೆ. ಅದರಡಿ ಮಗುವಿನ ಜೀವನಾಂಶ, ಓದಿನ ಖರ್ಚಿನ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮುಗಿಸಬೇಕು. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರೇ ತಾತ್ಕಾಲಿಕ ಕಸ್ಟಡಿ ಕೊಡಬಹುದು. ರೊಕ್ಕ ಇಲ್ಲ ಎಂದು ಹೆದರುವವರಿಗೆ: ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಇದು 1987ರ ಕಾಯ್ದೆಯಲ್ಲೇ ಇದೆ.

“ಕೋರ್ಟಿಗೆ ಹೋದರೆ ಸಂಬಂಧ ಪೂರ್ತಿ ಹರಿದೇ ಹೋಗುತ್ತದೆ, ಕೂಸಿನ ಸಲುವಾಗಿಯಾದರೂ ಸುಮ್ಮನಿರು” ಎಂದು ಕಾಮೆಂಟಿನಲ್ಲಿ ಬರೆಯುತ್ತೀರಿ, ನನಗೆ ಗೊತ್ತು. ಕೌಟುಂಬಿಕ ನ್ಯಾಯಾಲಯದ ಕಾಯ್ದೆಯೇ ಮೊದಲು ರಾಜಿಗೆ ಪ್ರಯತ್ನಿಸಿ ಎಂದು ನ್ಯಾಯಾಧೀಶರಿಗೆ ಹೇಳುತ್ತದೆ. ಅರ್ಜಿ ಹಾಕಿದ ಮೇಲೂ ಮಾತಾಡಬಹುದು, ಹಿರಿಯರೂ ಬರಬಹುದು. ನನ್ನ ಸಂಬಂಧ ಹರಿದದ್ದು ಅರ್ಜಿಯಿಂದ ಅಲ್ಲವೇ ಅಲ್ಲ, ಏಳು ತಿಂಗಳು ಮಗನ ದನಿ ಕೇಳಿಸದೆ ಇಟ್ಟದ್ದರಿಂದ. ಹೈಕೋರ್ಟ್ ಪೀಠ ನಮ್ಮಲ್ಲಿಗೇ ಬರಬೇಕೆಂದು ವರ್ಷಗಟ್ಟಲೆ ಹೋರಾಡಿ 2008ರಲ್ಲಿ ಧಾರವಾಡಕ್ಕೆ ತಂದವರು ನಾವು. ನ್ಯಾಯ ಹತ್ತಿರ ಇರಬೇಕು ಎಂದು ಬೀದಿಗಿಳಿದ ಜನ ಮನೆಯ ಮಗಳಿಗೆ ಮಾತ್ರ ತಡಿ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಹೇಳಬೇಕು. ಹೇಳದಿದ್ದರೆ ಇಷ್ಟು ಬರೆದದ್ದು ಅರ್ಧ ಸುಳ್ಳಾಗುತ್ತದೆ.

ನನಗೆ ಮಧ್ಯಂತರ ಆದೇಶ ಸಿಕ್ಕಿತು. ಮಗ ನನ್ನ ಬಳಿ ಬಂದ. ತಂದೆ ‘ಇಬ್ಬರ ಅನುಕೂಲಕ್ಕೆ ತಕ್ಕಂತೆ’ ಭೇಟಿಯಾಗಬಹುದು ಎಂದು ಬರೆದಿತ್ತು. ದಿನ ಇಲ್ಲ, ವೇಳೆ ಇಲ್ಲ, ಜಾಗ ಇಲ್ಲ. ಮೊದಲ ಭಾನುವಾರ ಅವನಪ್ಪ ಫೋನ್ ಮಾಡಿದಾಗ ಹುಡುಗನಿಗೆ ಜ್ವರ ಅಂದೆ. ಜ್ವರ ಇರಲಿಲ್ಲ. ಮುಂದಿನ ವಾರ ಊರಲ್ಲಿಲ್ಲ ಅಂದೆ. ಊರಲ್ಲೇ ಇದ್ದೆವು, ಮಗ ಅಂಗಳದಲ್ಲಿ ಸೈಕಲ್ ಹೊಡೆಯುತ್ತಿದ್ದ. ನನಗಾದದ್ದನ್ನೇ ನಾನು ಇನ್ನೊಬ್ಬರಿಗೆ ಎರಡು ತಿಂಗಳು ಮಾಡಿದೆ. ಆ ಮನುಷ್ಯ ಕಾಯುತ್ತ ಕೂರದೆ ಇನ್ನೊಂದು ಅರ್ಜಿ ಹಾಕಿದರು. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಬುಧವಾರ ಸಂಜೆ ವಿಡಿಯೋ ಕಾಲ್ ಎಂದು ಸ್ಪಷ್ಟ ಆದೇಶವಾಯಿತು. ಮಗುವನ್ನು ಇಟ್ಟುಕೊಳ್ಳದ ಪಾಲಕರಿಗೆ ಫೋನಿನಲ್ಲಿ, ವಿಡಿಯೋದಲ್ಲಿ ಮಾತಾಡುವ ಅವಕಾಶ ಇರಬೇಕು ಎಂದು ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ನಮ್ಮಿಬ್ಬರ ಜಗಳ ತಣ್ಣಗಾದದ್ದು ಆ ಆದೇಶದ ನಂತರ. ಜ್ವರದ ಸುಳ್ಳಿಗೆ ಅದರಲ್ಲಿ ಜಾಗವಿರಲಿಲ್ಲ. ಮಗ ಬುಧವಾರ ಐದಾದರೆ ಸಾಕು, ಫೋನಿನ ಮುಂದೆ ಕೂರುತ್ತಿದ್ದ.

ಹಾಗಾಗಿ ಅರ್ಜಿ ಬರೆಸುವವರು ದಿನ, ಗಂಟೆ, ಜಾಗ, ಯಾರು ಬಿಡಬೇಕು, ಯಾರು ಕರೆದೊಯ್ಯಬೇಕು ಎಲ್ಲವನ್ನೂ ಬರೆಸಿ. ಹಬ್ಬ, ಸೂಟಿ ಯಾರ ಪಾಲಿಗೆ ಎಂಬುದೂ ಇರಲಿ. ಅಪ್ಪಂದಿರಿಗೂ ಇದೇ ಮಾತು. ನೀವೂ ಕಾಯಬೇಡಿ.

ಹಿರಿಯರು ಚಹಾಕ್ಕೆ ಎದ್ದುಹೋದಾಗ ನಾನು ಆ ಹುಡುಗಿಯ ಪಕ್ಕಕ್ಕೆ ಸರಿದು ಮಗಳಿಗೆ ಎಷ್ಟು ವರ್ಷ ಎಂದು ಕೇಳಿದೆ. “ನಾಕು ವರ್ಷ ಎರಡು ತಿಂಗಳು ಅಕ್ಕಾರ.” ಬೆರಳು ಮಡಚಿ ಎಣಿಸಿದೆ. ಹತ್ತು ತಿಂಗಳಿದೆ. ಕಾನೂನು ಸೇವಾ ಪ್ರಾಧಿಕಾರದ ಬಾಗಿಲ ಮುಂದೆ ನಾಳೆ ಹತ್ತೂವರೆಗೆ ಸಿಗೋಣ ಎಂದು ಮಾತಾಗಿದೆ. ಜನನ ಪ್ರಮಾಣಪತ್ರ, ಅಂಗನವಾಡಿಯ ಕಾಗದ, ಫೋಟೋ ತರಲು ಹೇಳಿದ್ದೇನೆ. ತಾಯಿ ಕಾರ್ಡ್ ಮರೆಯಬೇಡ ಎಂದು ಎರಡು ಸಲ ಹೇಳಿದೆ. ಅದರಲ್ಲಿ ಚುಚ್ಚುಮದ್ದಿನ ತಾರೀಖುಗಳಿವೆ. ಪ್ರತಿ ಸಲವೂ ಕೂಸನ್ನು ಎತ್ತಿಕೊಂಡು ಹೋದವಳು ಅವಳೇ.