ಎಕ್ಸ್‌ಟೆಂಡ್ ಮಾಡ್ತಾರೆ ಬಿಡೋ

ನಮ್ಮ ಭಾವನಿಗೆ ದೇವರಿಗಿಂತ ಜಾಸ್ತಿ ನಂಬಿಕೆ ಇರುವುದು ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ. ತೆರಿಗೆ ರಿಟರ್ನ್ ಇರಲಿ, ಆಧಾರ್‌ಗೆ ಪ್ಯಾನ್ ಜೋಡಿಸುವುದಿರಲಿ, ಕೊನೆಯ ದಿನ ಹತ್ತಿರ ಬಂತು ಅಂದರೆ ಕಾಫಿ ಲೋಟ ಕೆಳಗಿಡದೆ, "ಎಕ್ಸ್‌ಟೆಂಡ್ ಮಾಡ್ತಾರೆ ಬಿಡೋ" ಅನ್ನುತ್ತಾರೆ. ಯಾರು, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೆ ನನಗೇನೂ ಸಿಟ್ಟಿಲ್ಲ. ಮಾಡಿಯೇ ಬಿಡುತ್ತಾರಲ್ಲ, ಅದಕ್ಕೆ ಸಿಟ್ಟು.

ಎಚ್‌ಎಸ್‌ಆರ್‌ಪಿ ಅನ್ನುವ ಹೆಚ್ಚು ಭದ್ರತೆಯ ನಂಬರ್ ಪ್ಲೇಟನ್ನೇ ತಗೊಳ್ಳಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳೆಲ್ಲ ಹಾಕಿಸಬೇಕು ಅಂತ ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶವಾಯಿತು. ಗಡುವು ನವೆಂಬರ್ 17. ನಾನು ಗಡುವಿಗೆ ಹೆದರುವ ಜಾತಿ. ಕೂತು ಬುಕ್ ಮಾಡಿದೆ. ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರ್ ಕೇಳಿತು. ಆರ್‌ಸಿ ಕಾರ್ಡಿನ ಅಕ್ಷರ ಅಳಿಸಿತ್ತು. ಸ್ಕೂಟರ್ ಪಕ್ಕ ನೆಲದ ಮೇಲೆ ಕೂತು, ಎಣ್ಣೆ ಜಿಡ್ಡು ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು ಓದಿದೆ. ಅದು ಎಂಟೋ, ಬಿಯೋ? ಎದುರುಮನೆಯ ಅಜ್ಜಿ "ಏನು ಬಿದ್ದುಹೋಯ್ತಪ್ಪಾ?" ಅಂತ ಬಂದು ತಾವೂ ಹುಡುಕತೊಡಗಿದರು. ಅವರಿಗೆ ಚಾಸಿ ಅಂದರೇನು ಅಂತ ಬಿಡಿಸಿ ಹೇಳುವಷ್ಟರಲ್ಲಿ ಒಟಿಪಿಯ ಟೈಮ್ ಮುಗಿದಿತ್ತು. ಕೊನೆಗೆ ಶೋರೂಮಿಗೆ ಹೋದರೆ "ಪ್ಲೇಟ್ ಬಂದಿಲ್ಲ ಸಾರ್, ನಾಳೆ ಬನ್ನಿ." ನಾಳೆ ಹೋದರೆ ಅದನ್ನು ಕೂರಿಸುವ ಹುಡುಗ ರಜೆ. ಪ್ಲೇಟೇನೋ ಬಂತು. ಮಗಳ ಹೆಸರಿನ ಸ್ಟಿಕ್ಕರ್ ಇದ್ದ ಹಳೇದು ಗುಜರಿಗೆ ಹೋಯಿತು. ಹೊಸದನ್ನು ಸ್ವಲ್ಪ ಸೊಟ್ಟಗೆ ಕೂರಿಸಿದ್ದಾನೆ. ಒಮ್ಮೆ ಲಾಕ್ ಬಿತ್ತೆಂದರೆ ಬಿಚ್ಚುವ ಹಾಗಿಲ್ಲ.

ಇಷ್ಟಾದ ಮೇಲೆ ಗಡುವು 2024ರ ಫೆಬ್ರವರಿ 17ಕ್ಕೆ ಹೋಯಿತು. ಅಲ್ಲಿಂದ ಮೇ 31ಕ್ಕೆ. ಅದೂ ಕೊನೆಯಲ್ಲ. ಭಾವ ಪ್ರತಿ ಸಲವೂ ಪೇಪರ್ ಮಡಿಸಿ ನನ್ನ ಕಡೆ ನೋಡುತ್ತಿದ್ದರು, ಏನೂ ಹೇಳದೆ.

ಇದೆಲ್ಲ ಸಾರ್ವಜನಿಕರ ಅನುಕೂಲಕ್ಕಂತೆ. ಹಾಗಾದರೆ ಟೈಮಿಗೆ ಸರಿಯಾಗಿ ಕೆಲಸ ಮುಗಿಸಿದ ನಾವು ಸಾರ್ವಜನಿಕರಲ್ವಾ? ನಮಗೊಂದು ಥ್ಯಾಂಕ್ಸ್ ಬೇಡ, ಸುಮ್ನೆ ಒಂದು ಎಸ್ಸೆಮ್ಮೆಸ್ಸಾದರೂ ಬರಬೇಡವೇ?

ಸಾರಿಗೆ ಇಲಾಖೆಯನ್ನಷ್ಟೇ ಬೈದು ಏನು ಪ್ರಯೋಜನ? ದೇಶಕ್ಕೇ ಇದು ಹಳೇ ಅಭ್ಯಾಸ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಇಂಗ್ಲಿಷ್ 15 ವರ್ಷ ಇರಲಿ ಅಂತ ಸಂವಿಧಾನ ಬರೆದವರು ಗಡುವು ಕೊಟ್ಟಿದ್ದರು. 1965ರ ಜನವರಿಗೆ ಮುಗಿಯಬೇಕಿತ್ತು. ದಕ್ಷಿಣದವರಿಗೆ ಹಿಂದಿಯ ಭಯ. ಅದಕ್ಕೇ 1963ರಲ್ಲೇ ಕಾಯ್ದೆ ಮಾಡಿ ಮುಂದುವರಿಸಿದರು. ಒಳ್ಳೆಯದೇ ಆಯಿತು ಅನ್ನಿ. ಆದರೂ ನನಗೊಂದು ಹೊಟ್ಟೆಕಿಚ್ಚು. ಇಂಗ್ಲಿಷಿಗೆ ಹೊಸ ತಾರೀಕನ್ನೇ ಹಾಕಲಿಲ್ಲ. ಚಾಸಿ ನಂಬರನ್ನೂ ಯಾರೂ ಕೇಳಲಿಲ್ಲ.